ಸೀಟು ಸಿಕ್ಕೀತೇ? ಕಾಳಿ ದಂಡೆಯ ಮಕ್ಕಳ ಪ್ರವೇಶದ ಲೆಕ್ಕ

ಮೇ ಕಳೆದು ಜೂನ್ ಬರುತ್ತಿದ್ದಂತೆ ಕಾರವಾರ, ಅಂಕೋಲಾ ತಾಲ್ಲೂಕುಗಳಲ್ಲಿ ದ್ವಿತೀಯ ಪಿಯುಸಿ ಮುಗಿಸಿದ ಮಕ್ಕಳಿರುವ ಮನೆಗಳಲ್ಲಿ ಬೇರೆ ಮಾತೇ ಇರುವುದಿಲ್ಲ. ಸುರತ್ಕಲ್ ಸಿಕ್ಕೀತೇ? ಮೆಡಿಕಲ್ ಆದೀತೇ? ಐಐಟಿ ಆಸೆ ಇಟ್ಟುಕೊಳ್ಳಬಹುದೇ? ಕೇಳಿದವರಿಗೆ ಸಿಗುವ ಉತ್ತರಗಳು ಮಾತ್ರ ಬಗೆಬಗೆಯವು. ಪಕ್ಕದ ಮನೆಯವರು ಹೋದ ವರ್ಷ ಯಾರಿಗೋ ಸಿಕ್ಕಿದ ಸೀಟಿನ ಕಥೆ ಹೇಳುತ್ತಾರೆ. ಕೋಚಿಂಗ್‌ನವರು ಇನ್ನೊಂದು ವರ್ಷ ಕೂರಿಸಿ ಎನ್ನುತ್ತಾರೆ. ಮೊಬೈಲಿನಲ್ಲಿ ರ‍್ಯಾಂಕ್ ಹಾಕಿದರೆ ಶೇಕಡಾ ಇಷ್ಟು ಸಾಧ್ಯತೆ ಎಂದು ಒಂದು ಅಂಕಿ ಮೂಡುತ್ತದೆ. ಇಷ್ಟೆಲ್ಲ ಕೇಳಿದ ಮೇಲೂ ಕಿನ್ನರದಂಥ ಹಳ್ಳಿಯಲ್ಲಿ ಕುಳಿತ ತಂದೆ-ತಾಯಿಗೆ ತಮ್ಮ ಮಗುವಿನ ನಿಜವಾದ ಸ್ಥಿತಿ ಏನೆಂಬುದು ತಿಳಿದಿರುವುದಿಲ್ಲ.

ಹೆಚ್ಚು ಬೇಡಿಕೆಯ ಕಾಲೇಜುಗಳಲ್ಲಿ ಪ್ರವೇಶದ ಸಾಧ್ಯತೆಯನ್ನು ಅಳೆಯುವುದು ಹೇಗೆ, ಅದರಲ್ಲಿ ಎಷ್ಟು ಪಾಲು ಲೆಕ್ಕಕ್ಕೆ ಸಿಗುತ್ತದೆ, ಎಷ್ಟು ಸಿಗುವುದಿಲ್ಲ ಎಂಬುದನ್ನು ನಮ್ಮ ಕರಾವಳಿಯ ಮಕ್ಕಳ ಕಡೆಯಿಂದ ನೋಡುವುದು ಈ ಲೇಖನದ ಉದ್ದೇಶ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮಕ್ಕಳು ಹಿಂದೆ ಬೀಳುವುದಕ್ಕೆ ಬುದ್ಧಿಯ ಕೊರತೆಗಿಂತ ಮಾಹಿತಿಯ ಕೊರತೆಯೇ ದೊಡ್ಡ ಕಾರಣ. ಆ ಮಾಹಿತಿ ಗುಟ್ಟಿನದೂ ಅಲ್ಲ. ಎಲ್ಲವೂ ಪ್ರಕಟವಾಗಿದೆ. ಓದಿ ಹೇಳುವವರು ಇಲ್ಲ, ಹೇಳಿದರೂ ತಡವಾಗಿ ಹೇಳುತ್ತಾರೆ.

ಹಿಂದಿನ ದಾರಿ

ಈ ಜಿಲ್ಲೆಗೆ ಆಯ್ಕೆ ಪರೀಕ್ಷೆಗಳ ಕಥೆ ಹೊಸದಲ್ಲ. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1863ರಲ್ಲಿ ಐಸಿಎಸ್ ಪರೀಕ್ಷೆ ಗೆದ್ದ ಮೊದಲ ಭಾರತೀಯ ಸತ್ಯೇಂದ್ರನಾಥ ಠಾಕೂರರು ಮುಂದೆ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಅವರ ತಮ್ಮ ರವೀಂದ್ರನಾಥರು 1880ರ ದಶಕದಲ್ಲಿ ಬಂದು ಉಳಿದದ್ದು ಅವರ ಮನೆಯಲ್ಲಿಯೇ. ಆಗ ಐಸಿಎಸ್ ಪರೀಕ್ಷೆ ನಡೆಯುತ್ತಿದ್ದದ್ದು ಲಂಡನ್ನಿನಲ್ಲಿ ಮಾತ್ರ. ಹಡಗಿನ ಖರ್ಚು ಹೊರಲಾರದವನಿಗೆ ಎಷ್ಟೇ ಪ್ರತಿಭೆ ಇದ್ದರೂ ಅವಕಾಶದ ಬಾಗಿಲೇ ಇರಲಿಲ್ಲ. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾಗುವ ತನಕ ನಮ್ಮ ಕಡೆಯ ಹುಡುಗರು ಪದವಿಗೆ ಪುಣೆ, ಮುಂಬಯಿ ಹಿಡಿಯಬೇಕಿತ್ತು.

ದೂರವನ್ನು ಕಡಿಮೆ ಮಾಡಬೇಕು ಎಂದು ಹಟ ತೊಟ್ಟವರು ಅಂಕೋಲಾದ ದಿನಕರ ದೇಸಾಯಿ. ಚುಟುಕು ಕವಿಯೆಂದು ನಾಡು ಬಲ್ಲ ಅವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿದರು. ರೈತ, ಮೀನುಗಾರ, ಹಾಲಕ್ಕಿ ಮಕ್ಕಳಿಗೆ ಹೈಸ್ಕೂಲು ಕಾಲ್ನಡಿಗೆಯ ದೂರದಲ್ಲಿರಬೇಕು ಎಂಬುದು ಅವರ ಆಶಯ. 1966ರಲ್ಲಿ ಅಂಕೋಲಾದಲ್ಲಿ ಗೋಖಲೆ ಶತಾಬ್ದಿ ಕಾಲೇಜು ಬಂತು. ಆಮೇಲೆ ಸರ್ಕಾರವೂ ಕೈಜೋಡಿಸಿತು. 2007ರಲ್ಲಿ ಮಾಜಾಳಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, 2013ರಲ್ಲಿ ಕಾರವಾರದಲ್ಲಿ ವೈದ್ಯಕೀಯ ಕಾಲೇಜು ಆರಂಭವಾದವು.

ಕಟ್ಟಡಗಳು ಹತ್ತಿರ ಬಂದವು. ಒಳಗೆ ಹೋಗುವ ನಿಯಮ ಮಾತ್ರ ರಾಜ್ಯದ್ದು, ದೇಶದ್ದು. 1980ರ ದಶಕದಲ್ಲಿ ಡೊನೇಷನ್ ಕೊಟ್ಟವರಿಗೆ ಸೀಟು ಎಂಬ ಸ್ಥಿತಿ ಇತ್ತು. ಅದನ್ನು ತಡೆಯಲು 1984ರಲ್ಲಿ ರಾಜ್ಯ ಕಾಯ್ದೆ ತಂದಿತು. ಮೋಹಿನಿ ಜೈನ್ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿ 1992ರಲ್ಲಿ ಬಂದ ಸುಪ್ರೀಂ ಕೋರ್ಟ್ ತೀರ್ಪು, ಮರುವರ್ಷದ ಉನ್ನಿಕೃಷ್ಣನ್ ತೀರ್ಪು ಇವುಗಳ ಬೆನ್ನಿಗೆ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿಇಟಿ ಬಂತು. ದುಡ್ಡಿಲ್ಲದ ಮನೆಯ ಮಗುವೂ ರ‍್ಯಾಂಕ್ ಹಿಡಿದು ಸೀಟು ಕೇಳುವಂತಾಯಿತು. ಈ ವ್ಯವಸ್ಥೆಯಲ್ಲಿ ಎಷ್ಟೇ ಕುಂದುಕೊರತೆ ಇರಲಿ, ಯಾವ ರ‍್ಯಾಂಕಿಗೆ ಎಲ್ಲಿ ಸೀಟು ಸಿಕ್ಕಿತು ಎಂಬುದು ಬಹಿರಂಗವಾಗಿರುತ್ತದೆ. ಸಾಧ್ಯತೆಯ ಲೆಕ್ಕ ಶುರುವಾಗಬೇಕಾದದ್ದು ಅಲ್ಲಿಂದಲೇ.

ಅಂಕ ಬೇರೆ, ರ‍್ಯಾಂಕ್ ಬೇರೆ

ಮೊದಲ ತಪ್ಪು ಅಂಕ ನೋಡಿ ಸೀಟು ಊಹಿಸುವುದು. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯ ಎರಡು ವರ್ಷಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. 2024ರಲ್ಲಿ 720ಕ್ಕೆ 720 ಪಡೆದವರೇ ಮೊದಲ ಪ್ರಕಟಣೆಯಲ್ಲಿ 67 ಮಂದಿ. ವಿವಾದ ಕೋರ್ಟಿಗೆ ಹೋಗಿ ಫಲಿತಾಂಶ ಪರಿಷ್ಕೃತವಾದ ಮೇಲೆ 17 ಮಂದಿ ಉಳಿದರು. 650 ಅಂಕ ಪಡೆದವರ ಮುಂದೆ ಆ ವರ್ಷ ಹತ್ತಾರು ಸಾವಿರ ಜನ ಇದ್ದರು. 2025ರಲ್ಲಿ ಪ್ರಶ್ನೆಪತ್ರಿಕೆ ಕಠಿಣವಾಗಿತ್ತು. ಮೊದಲ ರ‍್ಯಾಂಕ್ ಪಡೆದವರ ಅಂಕ 686. 651 ಮತ್ತು ಅದಕ್ಕಿಂತ ಹೆಚ್ಚು ಅಂಕ ಬಂದವರು ದೇಶದಲ್ಲೆಲ್ಲ 73 ಮಂದಿ. ಒಂದೇ ಅಂಕ ಒಂದು ವರ್ಷ ಸಾಧಾರಣ, ಮರುವರ್ಷ ಅಸಾಧಾರಣ. "ಹೋದ ವರ್ಷ ಇಷ್ಟು ಅಂಕಕ್ಕೆ ಸಿಕ್ಕಿತ್ತು" ಎಂಬ ಮಾತನ್ನು ನಂಬಿ ಕುಣಿಯುವುದೂ ತಪ್ಪು, ಕುಗ್ಗುವುದೂ ತಪ್ಪು.

ಜೆಇಇ ಮೇನ್‌ನ ಪರ್ಸೆಂಟೈಲ್ ಇನ್ನೊಂದು ಗೊಂದಲ. 99 ಪರ್ಸೆಂಟೈಲ್ ಎಂದರೆ ಶೇ 99 ಅಂಕ ಎಂದು ಎಷ್ಟೋ ಪೋಷಕರು ತಿಳಿಯುತ್ತಾರೆ. ಬರೆದವರಲ್ಲಿ ನೂರಕ್ಕೆ 99 ಜನ ಈ ಮಗುವಿಗೆ ಸಮ ಅಥವಾ ಅದಕ್ಕಿಂತ ಹಿಂದೆ ಇದ್ದಾರೆ ಎಂದಷ್ಟೇ ಅದರ ಅರ್ಥ. ಸುಮಾರು 14 ಲಕ್ಷ ಜನ ಬರೆಯುವ ಪರೀಕ್ಷೆಯಲ್ಲಿ 99 ಪರ್ಸೆಂಟೈಲ್ ಬಂದವರ ಮುಂದೆ ಇನ್ನೂ 14 ಸಾವಿರದಷ್ಟು ಮಂದಿ ಇರುತ್ತಾರೆ.

ಮೂರನೆಯ ಗೊಂದಲ ಅರ್ಹತೆಯದು. ನೀಟ್‌ನಲ್ಲಿ ಅರ್ಹತೆ ಪಡೆಯುವವರು 12 ಲಕ್ಷಕ್ಕೂ ಹೆಚ್ಚು. ದೇಶದ ಸರ್ಕಾರಿ, ಖಾಸಗಿ ಕಾಲೇಜುಗಳ ಎಂಬಿಬಿಎಸ್ ಸೀಟುಗಳು ಎಲ್ಲ ಸೇರಿ ಒಂದೂಕಾಲು ಲಕ್ಷದ ಆಸುಪಾಸು. ಅರ್ಹತೆ ಎಂದರೆ ಸಾಲಿನಲ್ಲಿ ನಿಲ್ಲಲು ಅನುಮತಿ, ಅಷ್ಟೆ. ಫಲಿತಾಂಶದ ದಿನ ಪೇಡೆ ಹಂಚಿ, ಆಗಸ್ಟ್‌ನಲ್ಲಿ ಸೀಟಿಲ್ಲ ಎಂದು ತಿಳಿದು ಕಂಗಾಲಾಗುವ ಕುಟುಂಬಗಳ ನೋವಿನ ಮೂಲ ಇಲ್ಲಿದೆ.

ಸಿಇಟಿಯ ಒಳಲೆಕ್ಕ

ಎಂಜಿನಿಯರಿಂಗ್‌ಗೆ ಸಿಇಟಿ ರ‍್ಯಾಂಕ್ ನಿರ್ಧಾರವಾಗುವುದು ಅರ್ಧ ಪಿಯು ಅಂಕ, ಅರ್ಧ ಸಿಇಟಿ ಅಂಕದಿಂದ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರಕ್ಕೂ ತಲಾ 60 ಪ್ರಶ್ನೆ, ಒಟ್ಟು 180. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ.

ಕಿನ್ನರದ ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳೋಣ. ಪಿಯುನಲ್ಲಿ ಈ ಮೂರು ವಿಷಯಗಳಲ್ಲಿ 300ಕ್ಕೆ 270, ಅಂದರೆ ಶೇ 90. ಊರಿಗೆಲ್ಲ ಹೆಮ್ಮೆ. ಸಿಇಟಿಯಲ್ಲಿ 180ಕ್ಕೆ 90, ಅಂದರೆ ಶೇ 50. ಎರಡರ ಸರಾಸರಿ 70. ಅವಳ ಗೆಳತಿಗೆ ಪಿಯುನಲ್ಲಿ 240, ಶೇ 80. ಸಿಇಟಿಯಲ್ಲಿ 117, ಶೇ 65. ಸರಾಸರಿ 72.5. ಪಿಯುನಲ್ಲಿ 30 ಅಂಕ ಹಿಂದಿದ್ದ ಗೆಳತಿ ರ‍್ಯಾಂಕಿನಲ್ಲಿ ಮುಂದೆ ಹೋದಳು. ಮೂರು ಲಕ್ಷದ ಆಸುಪಾಸು ಮಕ್ಕಳು ಬರೆಯುವ ಪರೀಕ್ಷೆಯಲ್ಲಿ ಈ ಎರಡೂವರೆ ಅಂಶದ ನಡುವೆ ಸಾವಿರಾರು ಜನ ತುಂಬಿಕೊಂಡಿರುತ್ತಾರೆ.

ಇದರಿಂದ ತಿಳಿಯಬೇಕಾದದ್ದು ಒಂದಿದೆ. ಒಳ್ಳೆಯ ವಿದ್ಯಾರ್ಥಿಗಳೆಲ್ಲ ಪಿಯು ಅಂಕಗಳಲ್ಲಿ ಹತ್ತಿರ ಹತ್ತಿರವೇ ಇರುತ್ತಾರೆ. ಅವರನ್ನು ಬೇರ್ಪಡಿಸುವುದು ಸಿಇಟಿ ಅಂಕ. ಮಂಡಳಿ ಪರೀಕ್ಷೆ ಮುಗಿದ ಮೇಲೆ ಉಳಿಯುವ ಕೆಲವೇ ವಾರಗಳಲ್ಲಿ ಸಿಇಟಿಗೆ ಕೂತರೆ ಸಾಲದು. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪ್ರಥಮ ಪಿಯುನಲ್ಲಿ ಒಮ್ಮೆಲೇ ಇಂಗ್ಲಿಷ್ ಪಠ್ಯಕ್ಕೆ ಬೀಳುವ ಮಗುವಿಗಂತೂ ಮೊದಲ ಆರು ತಿಂಗಳು ಭಾಷೆಯೊಡನೆಯೇ ಗುದ್ದಾಟ. ಈ ಮಗುವಿನ ಸಾಧ್ಯತೆಯನ್ನು ಪ್ರಥಮ ಪಿಯು ಅಂಕ ನೋಡಿ ತೀರ್ಮಾನಿಸುವುದು ಅನ್ಯಾಯ. ಜೆಇಇ ಮೇನ್ ಮತ್ತು ನೀಟ್ ಎರಡನ್ನೂ ಕನ್ನಡದಲ್ಲಿ ಬರೆಯಬಹುದು. ಐಐಟಿಗಳ ಜೆಇಇ ಅಡ್ವಾನ್ಸ್ಡ್ ಮಾತ್ರ ಇಂಗ್ಲಿಷ್, ಹಿಂದಿಗಳಲ್ಲಷ್ಟೇ ಇರುತ್ತದೆ.

ಕಟಾಫ್ ಪಟ್ಟಿ ಓದುವ ಬಗೆ

ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪ್ರತಿ ಸುತ್ತಿನ ನಂತರ ಕಟಾಫ್ ಪಟ್ಟಿ ಪ್ರಕಟಿಸುತ್ತದೆ. ಒಂದೊಂದು ಕಾಲೇಜು, ಒಂದೊಂದು ಕೋರ್ಸಿಗೆ ಕೊನೆಯ ಸೀಟು ಯಾವ ರ‍್ಯಾಂಕಿಗೆ ಹೋಯಿತು ಎಂಬುದು ಅದರಲ್ಲಿದೆ. ಪಟ್ಟಿಯ ತಲೆಯಲ್ಲಿ ಜಿಎಂ, ಜಿಎಂಆರ್, ಜಿಎಂಕೆ, 1ಜಿ, 1ಆರ್, 1ಕೆ, 2ಎಜಿ, 2ಎಆರ್ ಎಂದು ಸಾಲು ಸಾಲು ಅಂಕಣಗಳು. ಮೊದಲ ಭಾಗ ವರ್ಗವನ್ನು ಹೇಳುತ್ತದೆ, ಜಿಎಂ ಎಂದರೆ ಸಾಮಾನ್ಯ ವರ್ಗ. ಕೊನೆಯಲ್ಲಿರುವ ಆರ್ ಎಂದರೆ ಗ್ರಾಮೀಣ, ಕೆ ಎಂದರೆ ಕನ್ನಡ ಮಾಧ್ಯಮ. ಕಿನ್ನರದಲ್ಲೋ ಅಂಕೋಲಾದ ಒಳಹಳ್ಳಿಯಲ್ಲೋ ಓದಿದ ಪ್ರವರ್ಗ 1ರ ಮಗು ಜಿಎಂ ಅಂಕಣ ನೋಡಿ ನಿರಾಶೆಯಾಗಬೇಕಿಲ್ಲ. ಅದಕ್ಕೆ ಜಿಎಂ, 1ಜಿ, 1ಆರ್, 1ಕೆ ಹೀಗೆ ಹಲವು ಬಾಗಿಲುಗಳಿವೆ.

ಪಟ್ಟಿ ಓದುವಾಗ ಮೂರು ಎಚ್ಚರ ಬೇಕು. ಒಂದೇ ವರ್ಷದ ಪಟ್ಟಿ ನಂಬಬಾರದು, ಮೂರು ವರ್ಷಗಳದ್ದನ್ನು ಜೊತೆಗಿಟ್ಟು ನೋಡಬೇಕು. ಮೊದಲ ಸುತ್ತಿನ ಕಟಾಫ್ ನೋಡಿ ಕೈಚೆಲ್ಲಬಾರದು, ಕೊನೆಯ ಸುತ್ತಿನದನ್ನೂ ನೋಡಬೇಕು, ಏಕೆಂದರೆ ಐಐಟಿ, ಎನ್‌ಐಟಿ, ವೈದ್ಯಕೀಯಕ್ಕೆ ಹೋದವರು ಬಿಟ್ಟ ಸೀಟುಗಳು ಆಮೇಲೆ ಕೆಳಗಿಳಿಯುತ್ತವೆ. ಸೀಟು ತೀರಾ ಕಡಿಮೆ ಇರುವ ಅಂಕಣದಲ್ಲಿ ಕಟಾಫ್ ವರ್ಷದಿಂದ ವರ್ಷಕ್ಕೆ ಜಿಗಿಯುತ್ತದೆ ಎಂಬುದನ್ನೂ ನೆನಪಿಡಬೇಕು.

ಕೊನೆಯ ಎಚ್ಚರ ಎಷ್ಟು ಮುಖ್ಯ ಎಂಬುದಕ್ಕೆ ಕಾರವಾರದ ವೈದ್ಯಕೀಯ ಕಾಲೇಜನ್ನೇ ನೋಡಬಹುದು. 150 ಎಂಬಿಬಿಎಸ್ ಸೀಟುಗಳೊಂದಿಗೆ ಆರಂಭವಾದ ಕಾಲೇಜು ಇದು. ಆ 150ರ ಲೆಕ್ಕದಲ್ಲಿ ಶೇ 15 ಅಖಿಲ ಭಾರತ ಕೋಟಾಕ್ಕೆ ಹೋದರೆ ಉಳಿಯುವುದು 127ರಷ್ಟು. ಅದರಲ್ಲಿ ಶೇ 8 ಕಲ್ಯಾಣ ಕರ್ನಾಟಕದವರಿಗೆ. ಉಳಿದ ಸುಮಾರು 117ರಲ್ಲಿ ಪರಿಶಿಷ್ಟ ಜಾತಿಗೆ ಶೇ 17, ಪರಿಶಿಷ್ಟ ಪಂಗಡಕ್ಕೆ ಶೇ 7, ಹಿಂದುಳಿದ ವರ್ಗಗಳಿಗೆ ಶೇ 32. ಸಾಮಾನ್ಯ ವರ್ಗಕ್ಕೆ 50ರ ಆಸುಪಾಸು. ಅದರೊಳಗೆ ಗ್ರಾಮೀಣ ಅಂಕಣಕ್ಕೆ ಏಳೆಂಟು, ಕನ್ನಡ ಮಾಧ್ಯಮಕ್ಕೆ ಎರಡು ಮೂರು. ಪ್ರವರ್ಗ 1ಕ್ಕೆ ಶೇ 4, ಅಂದರೆ ನಾಲ್ಕೈದು. ಜಿಲ್ಲೆಯವರಿಗೆ ಪ್ರತ್ಯೇಕ ಕೋಟಾ ಇಲ್ಲ. ಕಾಲೇಜು ಮನೆಯ ಮುಂದಿದೆ, ಸ್ಪರ್ಧೆ ಬೀದರಿನಿಂದ ಚಾಮರಾಜನಗರದವರೆಗೆ ಇದೆ. ಎರಡು ಸೀಟಿನ ಅಂಕಣದಲ್ಲಿ ಒಬ್ಬರು ಮನಸ್ಸು ಬದಲಿಸಿದರೂ ಕಟಾಫ್ ಸಾವಿರಗಟ್ಟಲೆ ಅತ್ತಿತ್ತ ಆಗುತ್ತದೆ. ಇಂಥ ಕಡೆ ಶೇಕಡಾ ಇಷ್ಟು ಸಾಧ್ಯತೆ ಎಂದು ಮೊಬೈಲ್ ಹೇಳಿದರೆ ಆ ಅಂಕಿಗೆ ತೂಕವಿಲ್ಲ.

ಹತ್ತು ವರ್ಷದ ಕಾಗದ

ಈಗ ನಮ್ಮ ಕಡೆ ಅತಿ ಹೆಚ್ಚು ಮಕ್ಕಳು ಗೊತ್ತಿಲ್ಲದೆ ಕಳೆದುಕೊಳ್ಳುವ ವಿಷಯಕ್ಕೆ ಬರುತ್ತೇನೆ. ಸಿಇಟಿಯ ಗ್ರಾಮೀಣ ಮೀಸಲಾತಿ ಶೇ 15. ಅದು ಸಿಗಬೇಕಾದರೆ ಒಂದರಿಂದ ಹತ್ತನೇ ತರಗತಿಯವರೆಗೆ ಪೂರ್ತಿ ಹತ್ತು ವರ್ಷ ಕರ್ನಾಟಕದ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಕನ್ನಡ ಮಾಧ್ಯಮದ ಶೇ 5ಕ್ಕೂ ಹತ್ತು ವರ್ಷ ಕನ್ನಡ ಮಾಧ್ಯಮವೇ ಆಗಬೇಕು.

ಕಿನ್ನರ ಗ್ರಾಮ ಪಂಚಾಯ್ತಿ ಊರು. ಕಾರವಾರ ನಗರಸಭೆ. ಊರ ಶಾಲೆಯಲ್ಲಿ ಏಳನೇ ತರಗತಿ ಮುಗಿಸಿ, "ಪೇಟೆ ಹೈಸ್ಕೂಲು ಚೆನ್ನಾಗಿದೆ" ಎಂದು ಎಂಟನೆಯದಕ್ಕೆ ನಗರದೊಳಗಿನ ಶಾಲೆಗೆ ಸೇರಿದ ಮಗು ಆ ದಿನವೇ ಗ್ರಾಮೀಣ ಹಕ್ಕು ಕಳೆದುಕೊಂಡಿತು. ಬೆಳಿಗ್ಗೆ ಬಸ್ಸು ಹಿಡಿದು ಹೋಗಿ ಸಂಜೆ ಹಳ್ಳಿಗೇ ಮರಳಿದರೂ ನಿಯಮದ ಕಣ್ಣಲ್ಲಿ ಅದು ಪಟ್ಟಣದ ಮಗು. ಅಂಕೋಲಾ ಪುರಸಭೆಯ ಗಡಿಯೊಳಗಿನ ಶಾಲೆಗೆ ಸುತ್ತಲ ಹಳ್ಳಿಗಳಿಂದ ಬರುವ ಮಕ್ಕಳಿಗೂ ಇದೇ ಗತಿ. ಮನೆಯಲ್ಲಿ ಕೊಂಕಣಿ ಆಡುತ್ತಾ ಕನ್ನಡ ಶಾಲೆಯಲ್ಲಿ ಕಲಿಯುತ್ತಿದ್ದ ಮಗುವನ್ನು ನಡುವೆ ಇಂಗ್ಲಿಷ್ ಮಾಧ್ಯಮಕ್ಕೆ ಬದಲಿಸಿದರೆ ಕನ್ನಡ ಮಾಧ್ಯಮದ ಹಕ್ಕೂ ಹೋಯಿತು.

ಪೇಟೆ ಶಾಲೆಗೆ ಕಳಿಸಬೇಡಿ ಎಂದು ನಾನು ಹೇಳುತ್ತಿಲ್ಲ. ಒಳ್ಳೆಯ ಗಣಿತ ಮೇಷ್ಟ್ರು ಸಿಗುವ ಶಾಲೆ ಒಂದು ಮೀಸಲಾತಿಗಿಂತ ಹೆಚ್ಚು ಕೊಡಬಹುದು. ಆದರೆ ಏನನ್ನು ಬಿಟ್ಟು ಏನನ್ನು ಪಡೆಯುತ್ತಿದ್ದೇವೆ ಎಂಬುದು ಏಳನೇ ತರಗತಿಯಲ್ಲೇ ಪೋಷಕರಿಗೆ ತಿಳಿದಿರಬೇಕು. ಹನ್ನೆರಡರಲ್ಲಿ ತಿಳಿದರೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

ಜಾತಿ ಪ್ರಮಾಣಪತ್ರದಲ್ಲೂ ಇಂಥದೇ ಸೂಕ್ಷ್ಮವಿದೆ. ರಾಜ್ಯದ 2ಎ, 3ಬಿ ಪತ್ರ ಹಿಡಿದು ಐಐಟಿ, ಎನ್‌ಐಟಿಯ ಬಾಗಿಲಿಗೆ ಹೋಗುವಂತಿಲ್ಲ. ಅಲ್ಲಿ ಕೇಂದ್ರ ಪಟ್ಟಿಯ ಒಬಿಸಿ ಪತ್ರ ಬೇಕು, ಅದೂ ಆಯಾ ವರ್ಷದ್ದು, ಕೆನೆಪದರಕ್ಕೆ ಸೇರಿಲ್ಲ ಎಂಬ ಒಕ್ಕಣೆ ಇರುವಂಥದ್ದು. ಯಾವ ಮೀಸಲಾತಿಯೂ ಇಲ್ಲದ, ಆದಾಯ 8 ಲಕ್ಷಕ್ಕಿಂತ ಕಡಿಮೆ ಇರುವ ಕುಟುಂಬಕ್ಕೆ ಕೇಂದ್ರ ಸಂಸ್ಥೆಗಳಲ್ಲಿ ಆರ್ಥಿಕ ದುರ್ಬಲರ ಶೇ 10 ಇದೆ, ಆಸ್ತಿಯ ಮಿತಿಯೊಳಗಿದ್ದರೆ. ಸಿಇಟಿ ಎಂಜಿನಿಯರಿಂಗ್‌ನಲ್ಲಿ ಕಡಿಮೆ ಆದಾಯದವರಿಗೆ ಬೋಧನಾ ಶುಲ್ಕವಿಲ್ಲದ ಶೇ 5 ಹೆಚ್ಚುವರಿ ಸೀಟುಗಳೂ ಇವೆ. ತಹಶೀಲ್ದಾರ್ ಕಚೇರಿಯ ಈ ಕಾಗದಗಳನ್ನು ಪರೀಕ್ಷೆಗೆ ಮೊದಲೇ ಮಾಡಿಸಿಟ್ಟುಕೊಂಡವರು ಗೆದ್ದರು.

ಗಡಿಯಾಚೆ, ಗಡಿಯೀಚೆ

ಕಾರವಾರದ್ದು ಇನ್ನೊಂದು ವಿಶೇಷ ಸ್ಥಿತಿ. ಎನ್‌ಐಟಿಗಳಲ್ಲಿ ಅರ್ಧದಷ್ಟು ಸೀಟು ಆಯಾ ರಾಜ್ಯದವರಿಗೆ. ಗೋವಾದ ಎನ್‌ಐಟಿ ಇರುವುದು ಕುಂಕಳ್ಳಿಯಲ್ಲಿ, ಕಾರವಾರಕ್ಕೆ ಹತ್ತಿರ. ಸುರತ್ಕಲ್ಲಿನ ಎನ್‌ಐಟಿಕೆ ಸುಮಾರು 250 ಕಿ.ಮೀ. ಹತ್ತಿರದ್ದು ನಮ್ಮ ಮಕ್ಕಳಿಗೆ ಹೊರರಾಜ್ಯ, ದೂರದ್ದು ತವರು. ತವರು ರಾಜ್ಯ ಯಾವುದೆಂದು ತೀರ್ಮಾನಿಸುವುದು ಮನೆಯ ವಿಳಾಸ ಅಲ್ಲ. ಹನ್ನೆರಡನೇ ತರಗತಿ ಎಲ್ಲಿ ಪಾಸಾದರು ಎಂಬುದೇ ಲೆಕ್ಕ. ಸದಾಶಿವಗಡ, ಮಾಜಾಳಿ ಕಡೆಯಿಂದ ಗೋವಾಕ್ಕೆ ಹೋಗಿ ಹನ್ನೆರಡನೆಯದು ಮುಗಿಸಿದ ವಿದ್ಯಾರ್ಥಿ ಸುರತ್ಕಲ್ಲಿನ ಕರ್ನಾಟಕ ಪಾಲಿನಿಂದ ಹೊರಬಿದ್ದು ಗೋವಾದ ಪಾಲಿಗೆ ಸೇರುತ್ತಾನೆ.

ಸಿಇಟಿಗೆ ನಿಯಮ ಬೇರೆ. ಅಲ್ಲಿ ಮುಖ್ಯವಾಗಿ ಕೇಳುವುದು ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿರಬೇಕು ಎಂದು. ಹೀಗೆ ಒಂದೇ ಮಗು ಒಂದು ಲೆಕ್ಕದಲ್ಲಿ ಗೋವಾದವನು, ಇನ್ನೊಂದರಲ್ಲಿ ಕರ್ನಾಟಕದವನು ಆಗಬಹುದು. ಎಸ್ಸೆಸ್ಸೆಲ್ಸಿ ಆದ ಮೇಲೆ ಗಡಿ ದಾಟುವ ಮೊದಲು ಈ ಲೆಕ್ಕ ಹಾಕಲೇಬೇಕು.

ಐಐಟಿಗಳಲ್ಲಿ ರಾಜ್ಯದ ಪಾಲು ಇಲ್ಲ. ಧಾರವಾಡದಲ್ಲಿ 2016ರಿಂದ ಐಐಟಿ ಇದ್ದರೂ ಧಾರವಾಡದವರಿಗೂ ದೆಹಲಿಯವರಿಗೂ ಒಂದೇ ಸಾಲು. 23 ಐಐಟಿಗಳಲ್ಲಿ ಸುಮಾರು 18 ಸಾವಿರ ಸೀಟು. ಜೆಇಇ ಮೇನ್ ಬರೆದ 14 ಲಕ್ಷದಿಂದ ಎರಡೂವರೆ ಲಕ್ಷ ಮಂದಿ ಅಡ್ವಾನ್ಸ್ಡ್‌ಗೆ. ಅಲ್ಲಿಗೆ ಸರಾಸರಿ 14 ಜನರಲ್ಲಿ ಒಬ್ಬರಿಗೆ ಸೀಟು ಎಂದಾಯಿತು. ಆದರೆ ಸರಾಸರಿ ಯಾರ ಮಗುವಿನ ಸಾಧ್ಯತೆಯನ್ನೂ ಹೇಳುವುದಿಲ್ಲ. ಒಬ್ಬ ವಿದ್ಯಾರ್ಥಿ ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟು ಬರೆದು, ಬಂದ ಅಂಕವನ್ನು ಆಯಾ ವರ್ಷದ ರ‍್ಯಾಂಕಿಗೆ ಹೋಲಿಸಿದರೆ ಸಿಗುವ ಅಂದಾಜು ಆ ಸರಾಸರಿಗಿಂತ ಹತ್ತು ಪಾಲು ಮೇಲು. ಹೆಣ್ಣುಮಕ್ಕಳು ಇನ್ನೊಂದು ಅಂಕಣ ನೋಡಬೇಕು. ಐಐಟಿ, ಎನ್‌ಐಟಿಗಳಲ್ಲಿ ವಿದ್ಯಾರ್ಥಿನಿಯರ ಪ್ರಮಾಣ ಶೇ 20 ಮುಟ್ಟಲೆಂದು ಹೆಚ್ಚುವರಿ ಸೀಟುಗಳನ್ನು ಇಟ್ಟಿದ್ದಾರೆ. ಅವುಗಳ ಕೊನೆಯ ರ‍್ಯಾಂಕ್ ಪ್ರತ್ಯೇಕವಾಗಿ ಪ್ರಕಟವಾಗುತ್ತದೆ, ಬಹಳಷ್ಟು ಕಡೆ ಅದು ಕೆಳಗಿರುತ್ತದೆ.

ಯಾರೂ ಹೇಳದ ಬಾಗಿಲುಗಳು

ಎಂಜಿನಿಯರಿಂಗ್, ಮೆಡಿಕಲ್ ಎರಡೇ ಎಂದುಕೊಂಡ ಮನೆಗಳಲ್ಲಿ ಸಾಧ್ಯತೆಯ ಲೆಕ್ಕ ಆರಂಭದಲ್ಲೇ ಕುಗ್ಗಿರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2011ರಿಂದ ನಾಲ್ಕು ವರ್ಷದ ವಿಜ್ಞಾನ ಪದವಿ ನಡೆಸುತ್ತಿದೆ. ಪುಣೆ, ತಿರುಪತಿ ಮುಂತಾದ ಕಡೆ ಇರುವ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಿಗೆ, ಅಂದರೆ ಐಸರ್‌ಗಳಿಗೆ, ಪ್ರತ್ಯೇಕ ಅಭಿಕ್ಷಮತಾ ಪರೀಕ್ಷೆ ಇದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಗೆ ಕ್ಲ್ಯಾಟ್ ಬರೆಯಬೇಕು. ಅಲ್ಲಿ ಕರ್ನಾಟಕದಲ್ಲಿ ಹತ್ತು ವರ್ಷ ಓದಿದವರಿಗೆ ಶೇ 25 ಮೀಸಲು ಇದೆ. ನಮ್ಮ ಕಲಾ, ವಾಣಿಜ್ಯ ವಿಭಾಗದ ಜಾಣ ಮಕ್ಕಳಲ್ಲಿ ಎಷ್ಟು ಜನರಿಗೆ ಇದು ಗೊತ್ತು? 2022ರಿಂದ ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ ಎಂಬ ಪ್ರವೇಶ ಪರೀಕ್ಷೆ ಬಂದಿದೆ.

ಕರಾವಳಿಗೆ, ಮಲೆನಾಡಿಗೆ ಹೇಳಿ ಮಾಡಿಸಿದಂಥ ಎರಡು ಕಾಲೇಜುಗಳನ್ನು ಮರೆಯಬಾರದು. 1969ರ ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯ ಒಂದು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿ ನಮ್ಮ ಜಿಲ್ಲೆಯಲ್ಲೇ ಇರುವ ಸಿರ್ಸಿಯ ಅರಣ್ಯ ಮಹಾವಿದ್ಯಾಲಯ ಇನ್ನೊಂದು. ಎರಡಕ್ಕೂ ದಾರಿ ಸಿಇಟಿಯೇ. ಕೃಷಿಕರ ಮಕ್ಕಳಿಗೆ ಕೃಷಿ ಪ್ರಾಯೋಗಿಕ ಪರೀಕ್ಷೆಯ ಮೂಲಕ ಪ್ರತ್ಯೇಕ ಕೋಟಾ ಇದೆ. ಬೀಜ, ಗೊಬ್ಬರ, ಸಲಕರಣೆ ಗುರುತಿಸುವ ಆ ಪರೀಕ್ಷೆಯಲ್ಲಿ ಗದ್ದೆಯಲ್ಲಿ ಬೆಳೆದ ಮಗುವಿನ ತಿಳಿವಳಿಕೆಗೆ ಅಂಕ ಸಿಗುತ್ತದೆ.

ವಿದೇಶದ ಮಾತು ಚಿಕ್ಕದಾಗಿ. ಹಾರ್ವರ್ಡ್‌ನಂಥ ಕಡೆ ಇತ್ತೀಚಿನ ವರ್ಷಗಳಲ್ಲಿ ನೂರಕ್ಕೆ ಐದು ಜನರಿಗೂ ಪ್ರವೇಶ ಸಿಗುತ್ತಿಲ್ಲ. ಅಲ್ಲಿ ಒಂದೇ ರ‍್ಯಾಂಕ್ ಪಟ್ಟಿಯೂ ಇಲ್ಲ. ಹಾರ್ವರ್ಡ್ ವಿರುದ್ಧದ ಮೊಕದ್ದಮೆಯಲ್ಲಿ ಹೊರಬಂದಂತೆ ಓದು, ಪಠ್ಯೇತರ ಸಾಧನೆ, ಕ್ರೀಡೆ, ವ್ಯಕ್ತಿತ್ವ ಇವಕ್ಕೆಲ್ಲ ಬೇರೆ ಬೇರೆ ಶ್ರೇಣಿ ಕೊಟ್ಟು ಸಮಿತಿ ಕುಳಿತು ನಿರ್ಧರಿಸುತ್ತದೆ. 2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಜನಾಂಗ ನೋಡಿ ಪ್ರವೇಶ ಕೊಡುವುದನ್ನು ತಡೆದ ಮೇಲೆ ನಿಯಮಗಳು ಇನ್ನಷ್ಟು ಬದಲಾಗಿವೆ. ಅಂಥ ಕಡೆ ಸಾಧ್ಯತೆಯನ್ನು ಅಂಕಿಯಲ್ಲಿ ಹೇಳುವವರನ್ನು ನಂಬಬೇಡಿ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ ಹೊರದೇಶದವರ ಅರ್ಜಿಯನ್ನೂ ಹಣದ ಸ್ಥಿತಿ ನೋಡದೆ ಪರಿಗಣಿಸುತ್ತವೆ, ಆಯ್ಕೆಯಾದವರ ಕೊರತೆಯನ್ನು ತುಂಬಿಕೊಡುತ್ತವೆ ಎಂಬುದು ಮಾತ್ರ ತಿಳಿದಿರಲಿ.

ಆಪ್ಷನ್ ಎಂಟ್ರಿಯ ದಿನ

ರ‍್ಯಾಂಕ್ ಬಂದ ಮೇಲೂ ಸೀಟು ಕೈತಪ್ಪುವುದುಂಟು. ಬೇಕಾದ ಕಾಲೇಜುಗಳ ಪಟ್ಟಿ ತುಂಬುವ ಆಪ್ಷನ್ ಎಂಟ್ರಿಗೆ ಜುಲೈ ಮಳೆಯಲ್ಲಿ ಸೈಬರ್ ಅಂಗಡಿಯ ಮುಂದೆ ಸಾಲು. ಒಳಗೆ ಒಂದೇ ಕಂಪ್ಯೂಟರಿನ ಎದುರು ತಂದೆ, ತಾಯಿ, ಮಗಳು. ತಂದೆಯ ಕೈಯಲ್ಲಿ ಚೀಟಿ. "ಮೊದಲು ಸಿಗೋ ಕಾಲೇಜು ಹಾಕಮ್ಮ, ದೊಡ್ಡದು ಹಾಕಿ ಇದ್ದದ್ದೂ ಹೋದರೆ?" ಎಂದು ತಂದೆಯ ಆತಂಕ. ಮಗಳಿಗೆ ಬೇಕಾದ ಕಾಲೇಜು ಹದಿನೈದನೇ ಸ್ಥಾನಕ್ಕೆ ಇಳಿಯುತ್ತದೆ.

ಈ ಭಯಕ್ಕೆ ಆಧಾರವಿಲ್ಲ. ಹಂಚಿಕೆ ನಡೆಯುವುದು ರ‍್ಯಾಂಕಿನ ಕ್ರಮದಲ್ಲಿ. ನಿಮ್ಮ ಸರದಿ ಬಂದಾಗ ಕಂಪ್ಯೂಟರ್ ನಿಮ್ಮ ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬಂದು, ಸೀಟು ಉಳಿದಿರುವ ಮೊದಲ ಆಯ್ಕೆಯನ್ನು ಕೊಡುತ್ತದೆ. ಸಿಗಲಾರದ ಕಾಲೇಜನ್ನು ಮೇಲೆ ಬರೆದರೆ ಕೆಳಗಿನದು ತಪ್ಪುವುದಿಲ್ಲ. ಸಿಗುವಂಥದ್ದನ್ನು ಮೇಲೆ ಬರೆದರೆ ಅದಕ್ಕಿಂತ ಒಳ್ಳೆಯದು ಖಂಡಿತ ತಪ್ಪುತ್ತದೆ. ಆದ್ದರಿಂದ ನಿಜವಾಗಿ ಬೇಕಾದ ಕ್ರಮದಲ್ಲೇ ಬರೆಯಿರಿ, ಪಟ್ಟಿಯನ್ನು ಉದ್ದಕ್ಕೂ ಬರೆಯಿರಿ, ಕೊನೆಯಲ್ಲಿ ಖಚಿತವಾಗಿ ಸಿಗುವಂಥ ನಾಲ್ಕಾರು ಇರಲಿ. ಅಣಕು ಹಂಚಿಕೆಯ ಫಲಿತಾಂಶ ನೋಡಿ ತಿದ್ದಿಕೊಳ್ಳುವ ಅವಕಾಶವೂ ಇದೆ. ನಿಜವಾದ ಸುತ್ತಿನ ನಂತರ ನಾಲ್ಕು ಆಯ್ಕೆಗಳು ಬರುತ್ತವೆ: ಸೀಟು ಒಪ್ಪಿ ಸೇರುವುದು, ಒಪ್ಪಿಕೊಂಡೇ ಮೇಲಿನದಕ್ಕೆ ಕಾಯುವುದು, ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ಪೂರ್ತಿ ಹೊರಬರುವುದು. ಮೂರನೆಯದನ್ನು ಆರಿಸುವ ಮೊದಲು ಹತ್ತು ಸಲ ಯೋಚಿಸಬೇಕು.

ಕರಾವಳಿಯವರಿಗೆ ಕಾಲವೂ ಪ್ರತಿಕೂಲ. ಸೀಟು ಹಂಚಿಕೆ, ಕಾಲೇಜಿಗೆ ಹಾಜರಾಗುವ ಗಡುವು ಎಲ್ಲ ಬೀಳುವುದು ಮಳೆಗಾಲದಲ್ಲಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ಹೆದ್ದಾರಿ ದಿನಗಟ್ಟಲೆ ಬಂದ್ ಆಯಿತು. ಆಗಸ್ಟ್ 7ರ ನಸುಕಿನಲ್ಲಿ ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ಇಂಥ ಊರಿನಲ್ಲಿ ಕೊನೆಯ ದಿನದವರೆಗೆ ಕಾಯುವುದು ಎಂದರೆ ಅಪಾಯವನ್ನು ಕರೆದಂತೆ.

ಮುಂದೆ ಮಾಡಬೇಕಾದ್ದು

ಕೋಚಿಂಗ್ ಬಗ್ಗೆ ಒಂದು ಮಾತು. ಮಂಗಳೂರು, ಮೂಡುಬಿದಿರೆ, ಹುಬ್ಬಳ್ಳಿಗೆ ಲಕ್ಷಗಟ್ಟಲೆ ಹಣ ಕಟ್ಟಿ ಮಕ್ಕಳನ್ನು ಕಳಿಸುವವರು ಜಾಹೀರಾತಿನ ಮುಖಗಳನ್ನು ಎಣಿಸುತ್ತಾರೆ. ಎಷ್ಟು ಮಂದಿ ಸೇರಿದ್ದರು, ಅವರಲ್ಲಿ ಎಷ್ಟು ಮಂದಿಗೆ ಸರ್ಕಾರಿ ಸೀಟು ಬಂತು ಎಂದು ಕೇಳಿ. ಹೇಳಲು ತಯಾರಿಲ್ಲದವರ ಬಳಿ ಸಾಲ ಮಾಡಿ ಹೋಗಬೇಡಿ. ಇನ್ನೊಂದು ವರ್ಷ ಕೂರಿಸುವ ತೀರ್ಮಾನಕ್ಕೂ ಇದೇ ಪರೀಕ್ಷೆ: ಬೇಕಾದ ಅಂಕಣದ ಕಟಾಫ್‌ಗೆ ಮಗು ಕೂದಲೆಳೆಯ ಅಂತರದಲ್ಲಿದ್ದು, ತಾನೇ ಬಯಸಿ ಕೂರುವುದಾದರೆ ಸರಿ. ದೂರ ಬಹಳ ಇದ್ದರೆ ಸಿಕ್ಕ ಒಳ್ಳೆಯ ಕಾಲೇಜಿನಲ್ಲಿ ನಾಲ್ಕು ವರ್ಷ ಚೆನ್ನಾಗಿ ಓದಿ ಸ್ನಾತಕೋತ್ತರ ಹಂತದಲ್ಲಿ ಗೇಟ್ ಬರೆದು ಐಐಟಿ ಸೇರುವ ದಾರಿ ತೆರೆದೇ ಇದೆ. ಮಾಜಾಳಿಯ ಸರ್ಕಾರಿ ಕಾಲೇಜಿನಿಂದಲೂ ಆ ದಾರಿ ಹೋಗುತ್ತದೆ.

ಕಾರವಾರ, ಅಂಕೋಲಾದ ಪಿಯು ಕಾಲೇಜುಗಳ ಪ್ರಾಚಾರ್ಯರಲ್ಲಿ, ಉಪನ್ಯಾಸಕರಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಬಿನ್ನಹ. ಡಿಸೆಂಬರಿನೊಳಗೆ ಒಂದು ದಿನ ಪೋಷಕರನ್ನು ಕರೆಯಿರಿ. ಮೂರು ವರ್ಷಗಳ ಕಟಾಫ್ ಪಟ್ಟಿಯನ್ನು ಗೋಡೆಗೆ ಹಾಕಿ, ಯಾವ ಅಂಕಣ ಯಾರದ್ದು ಎಂದು ಕನ್ನಡದಲ್ಲಿ, ಬೇಕಾದರೆ ಕೊಂಕಣಿಯಲ್ಲಿ ಬಿಡಿಸಿ ಹೇಳಿ. ಪ್ರತಿ ವರ್ಷ ನಿಯಮ ಬದಲಾಗುವುದರಿಂದ ಆ ವರ್ಷದ ಮಾಹಿತಿ ಪುಸ್ತಿಕೆಯನ್ನೇ ಮುಂದಿಟ್ಟುಕೊಳ್ಳಿ. ಪ್ರಾಥಮಿಕ ಶಾಲೆಯ ಮುಖ್ಯಶಿಕ್ಷಕರು ಏಳನೇ ತರಗತಿಯ ವರ್ಗಾವಣೆ ಪತ್ರ ಕೊಡುವ ಮೊದಲು ಗ್ರಾಮೀಣ ಹಕ್ಕಿನ ವಿಷಯವನ್ನು ಎರಡು ಮಾತಿನಲ್ಲಿ ತಿಳಿಸಿ. ಇದಕ್ಕೆ ಅನುದಾನ ಬೇಡ, ಆದೇಶ ಬೇಡ.

ಪೋಷಕರಿಗೆ ಹೇಳುವುದು ಇಷ್ಟೆ. ಕಟಾಫ್ ಎಂಬುದು ಹೋದ ವರ್ಷದ ಕೊನೆಯ ಸೀಟಿನ ಸುದ್ದಿ. ಅದು ಮಗುವಿನ ಬೆಲೆಯನ್ನು ಹೇಳುವುದಿಲ್ಲ. ಲೆಕ್ಕವನ್ನು ಪ್ರಾಮಾಣಿಕವಾಗಿ ಹಾಕಿ, ಬಂದ ಉತ್ತರವನ್ನು ಮಗುವಿನ ಮುಂದೆ ಪ್ರೀತಿಯಿಂದ ಇಡಿ, ಕಾಗದಪತ್ರಗಳನ್ನು ಈ ವಾರವೇ ತೆಗೆದು ನೋಡಿ.